ನಕಲಿ ದಂಗೆಯ ಭರಮಪ್ಪ

ನನ್ನ ಗಂಡ ಭರಮಪ್ಪನನ್ನು ಈಗ ಎಲ್ಲರೂ ದೇಶಭಕ್ತ ಎನ್ನುತ್ತಾರೆ. ಎನ್ನಲಿ, ಅನ್ನುವವರ ಬಾಯಿಗೆ ಅಗಸಿ ಬಾಗಿಲು ಹಾಕಲಾದೀತೇ? ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು, ಪೊಲೀಸ್ ಸಿಪಾಯಿಯ ನೌಕರಿ. ಮಾಸೂರಿನಲ್ಲಿ ಕಂಡವರ ಗದ್ದೆಯ ಕೆಸರು ತುಳಿದು ಬೆಳೆದವನು. ಅಬಲೂರಿನ ನನ್ನಪ್ಪ ಮಾರೆಪ್ಪ ಬೇರೆ, "ಸರ್ಕಾರಿ ನೌಕರಿ ಹಿಡಿ, ಶಂಕ್ರವ್ವನ್ನ ನಿನಗ ಕೊಡ್ತೇನಿ" ಎಂದುಬಿಟ್ಟಿದ್ದ. ನನಗೂ ಮನಸ್ಸಿತ್ತು. ಸುಳ್ಳು ಯಾಕೆ ಹೇಳಲಿ?

ನಲವತ್ತೆರಡರ ಬೇಸಿಗೆಯಲ್ಲಿ ಹವಾಲ್ದಾರ ಚನ್ನವೀರಪ್ಪ ಹಿರೇಕೆರೂರಿನ ಬಯಲಿನಲ್ಲಿ ಹಳ್ಳಿಯ ತರುಣರಿಗೆ ಕವಾಯತು ಕಲಿಸತೊಡಗಿದ. ಅವನ ಕೈಯಲ್ಲಿ ಪಾಸಾದವರಿಗೆ ಧಾರವಾಡದಲ್ಲಿ ಭರ್ತಿ. ಕಲಿಸುವ ಪರಿ ಮಾತ್ರ ದೇವರಿಗೇ ಪ್ರೀತಿ! ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಕೈಗೆ ಬಡಿಗೆ ಕೊಡುತ್ತಿದ್ದ. ಹೊಡೆಯಲು ಹಿಂದೆಗೆದವನ ಬೆನ್ನ ಮೇಲೆ ತಾನೇ ಬಾರಿಸುತ್ತಿದ್ದ. "ಕರುಣೆ ಬೇಕಾದ್ರ ಮಠಕ್ಕ ಹೋಗಲೇ, ಇಲ್ಲಿಗ್ಯಾಕ ಬಂದಿ?" ಭರಮಪ್ಪ ಒಡೆದ ತುಟಿ, ಬಾತ ಕಣ್ಣು ಹೊತ್ತು ಬಂದು, "ಇವತ್ತ ಇಬ್ಬರನ್ನ ಮಲಗಿಸೇನಿ" ಎಂದು ನಗುತ್ತಿದ್ದ.

ಶ್ರಾವಣದಲ್ಲಿ ಗೋರಾ ಸಾಹೇಬ ಪರೀಕ್ಷೆಗೆ ಬಂದ. ಕೊನೆಯ ಪರೀಕ್ಷೆ ನಕಲಿ ದಂಗೆ. ಅರ್ಧ ಹುಡುಗರು ಪೊಲೀಸರಾಗಿ ಚಿಂದಿ ಸುತ್ತಿದ ಬಡಿಗೆ ಹಿಡಿಯಬೇಕು, ಇನ್ನರ್ಧ ಚಳವಳಿಯವರಾಗಿ ಕೂಗುತ್ತ ಬಂದು ಏಟು ತಿನ್ನಬೇಕು. ಭರಮಪ್ಪನ ಗಂಟಲು ದೊಡ್ಡದು. ಚನ್ನವೀರಪ್ಪ ಅವನನ್ನೇ ಮುಂದಾಳು ಮಾಡಿ, "ಚಂದಾಗಿ ಕೂಗು ಮಗನ, ಮಂದಿನ್ನೂ ಕೂಗಸು, ನಿನ್ನ ನೌಕರಿ ಪಕ್ಕಾ" ಎಂದ.

ಆ ಹವಾಲ್ದಾರ ಎಂಥ ಪೆದ್ದ ನೋಡಿ! ಗಾಂಧಿಯವರನ್ನು ಜೈಲಿಗೆ ಹಾಕಿದ ಸುದ್ದಿ ಅದೇ ಆಗ ಬಂದು ಊರೆಲ್ಲ ಕುದಿಯುತ್ತಿತ್ತು. ಅಂಥದರಲ್ಲಿ ಸಂತೆಗೆ ಬಂದ ಜನರ ನಡುವೆ ಈ ಆಟ. ಭರಮಪ್ಪ ಎದೆಯುಬ್ಬಿಸಿ "ವಂದೇ ಮಾತರಂ" ಎಂದ. ಬಯಲಿನ ಅಂಚಿನಲ್ಲಿ ನನ್ನ ಚಿಗವ್ವ ಗುತ್ತೆವ್ವ ಶೇಂಗಾ ಮಾರುತ್ತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಅವಳತ್ತ ತಿರುಗಿ, "ಕೂಗಬೇ ಮುದುಕಿ!" ಎಂದ. ಅವಳು ಕೂಗಿದಳು. ಪಕ್ಕದವರು ಕೂಗಿದರು. ನಾನೂ ಕೂಗಿದೆ. ಗಳಿಗೆಯಲ್ಲಿ ಸಂತೆಗೆ ಸಂತೆಯೇ ಕೂಗಿತು. ಯಾರಿಗೂ ಅದು ಆಟವಾಗಿ ಉಳಿಯಲಿಲ್ಲ.

ಸಾಹೇಬ ಹೆದರಿ ಏನೋ ಒದರಿದ. ಖರೇ ಪೊಲೀಸರು ಖರೇ ಲಾಠಿ ಹಿಡಿದು ನುಗ್ಗಿದರು. ಚಿಂದಿ ಸುತ್ತಿದ್ದ ಹುಡುಗರೂ ಚಿಂದಿ ಕಿತ್ತೊಗೆದು, ನೌಕರಿಯ ಆಸೆಗೆ, ಕೈಗೆ ಸಿಕ್ಕವರನ್ನು ಬಡಿದರು. ಹಲ್ಲು ಉದುರಿದವು, ಕೈ ಮುರಿದವು. ಹೆಂಗಸರು ಮಕ್ಕಳನ್ನು ತುಳಿದುಕೊಂಡು ಓಡಿದರು. ಚನ್ನವೀರಪ್ಪನ ಮೊದಲ ಏಟಿಗೆ ಚಿಗವ್ವನ ತಲೆ ಒಡೆಯಿತು. ಎರಡನೆಯದಕ್ಕೆ ಅವಳು ಶೇಂಗಾದ ಬುಟ್ಟಿಯ ಮೇಲೆ ಬಿದ್ದಳು. ಭರಮಪ್ಪ ಓಡಿಬಂದು ಅವಳ ಮೇಲೆ ಅಡ್ಡ ಬಿದ್ದ. "ಸಾಕ್ರಿ ಹವಾಲ್ದಾರ್ರ, ಆಟ ಮುಗೀತ್ರಿ!" ಲಾಠಿ ಅವನ ಮೊಣಕಾಲಿಗೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಚಿಗವ್ವ ಅಲ್ಲೇ ಸತ್ತಳು.

ಭರಮಪ್ಪನನ್ನು ಠಾಣೆಯ ಕೋಣೆಗೆ ತಳ್ಳಿದರು. ಮರುದಿನ ಅಪ್ಪನೂ ನಾನೂ ಬುತ್ತಿ ಒಯ್ದಾಗ ಚನ್ನವೀರಪ್ಪ ಕಂಬಿಯ ಮುಂದೆಯೇ ಕುಂತಿದ್ದ. "ಮೊದಲ ಕಲ್ಲು ಒಗದಾಕಿ ಆ ಮುದುಕಿ ಅಂತ ಕೋರ್ಟಿನ್ಯಾಗ ಹೇಳು. ನಿನ್ನ ಕಾಲಿಗೆ ಸರ್ಕಾರಿ ಔಷಧ, ಆಮ್ಯಾಲ ಠಾಣೆದಾಗ ನೌಕರಿ. ಇಲ್ಲಾಂದ್ರ ದಂಗೆಯ ಮುಂದಾಳು ನೀನ."

ಅಪ್ಪ ಕೈಮುಗಿದ. "ಸತ್ತಾಕಿ ಸತ್ಲು, ಹೇಳಿಬಿಡೋ ಭರಮಾ!" ನನ್ನಪ್ಪನೇ ಆದರೂ ಆ ಹೊತ್ತು ಅವನ ಮುಖಕ್ಕೆ ಉಗಿಯಬೇಕೆನಿಸಿತು. ಭರಮಪ್ಪ ಬುತ್ತಿ ಇಸಿದುಕೊಂಡು ಗೋಡೆಯತ್ತ ತಿರುಗಿದ. ಹೇಳಿಯೇ ಬಿಡುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು.

ಕೋರ್ಟಿಗೆ ಅವನನ್ನು ಇಬ್ಬರು ಎತ್ತಿಕೊಂಡು ತಂದರು. ಕಲ್ಲು ಒಗೆದವರು ಯಾರೆಂದು ನ್ಯಾಯಾಧೀಶರು ಕೇಳಿದರು.

"ಯಾರೂ ಒಗದಿಲ್ರಿ. ನನಗ ಕೂಗು ಅಂದಾವರು ಹವಾಲ್ದಾರ್ರು. ಮುದುಕಿಗೆ ಕೂಗು ಅಂದಾಂವ ನಾನು. ಆಕಿನ್ನ ಕೊಂದಾವರು ಅಲ್ಲೇ ನಿಂತಾರ ನೋಡ್ರಿ."

ಎರಡು ವರ್ಷ ಸಕ್ತ ಮಜೂರಿಯ ಜೈಲು ಶಿಕ್ಷೆಯಾಯಿತು. ಹೊರಗಿನ ಅಂಗಳದಲ್ಲಿ ಚನ್ನವೀರಪ್ಪ ಆ ಮುರಿದ ಕಾಲನ್ನೇ ಬೂಟಿನಿಂದ ಒದ್ದ. ಜೈಲಿನಲ್ಲಿ ಕಾಲು ಕೊಳೆಯಿತು, ಕತ್ತರಿಸಿದರು.

ನಲವತ್ತನಾಲ್ಕರಲ್ಲಿ ಅವನು ಒಂಟಿಗಾಲಲ್ಲಿ ನಮ್ಮ ಮನೆಗೆ ಬಂದ. ಅಪ್ಪ ಬಾಗಿಲು ಹಾಕಿದ. ನಾನು ಬಾಗಿಲು ತೆಗೆದು ಅವನ ಹಿಂದೆ ಹೋದೆ. ಮಾಸೂರಿನ ಗುಡಿಸಲಿನಲ್ಲಿ ಹಗ್ಗ ಹೊಸೆಯುತ್ತ ಬದುಕಿದೆವು. ಬಂದವರೆಲ್ಲ ಅವನ ಕಾಲಿಗೆ ಬೀಳುವವರೇ. ಅವನು ತಲೆ ಎತ್ತದೆ ಹೊಸೆಯುತ್ತಲೇ ಇರುತ್ತಿದ್ದ.

ಒಂದು ಸಂಜೆ ಕೆರೆಯ ಏರಿಯ ಮೇಲೆ ಇಬ್ಬರು ಸಿಪಾಯಿಗಳು ಹೊರಟಿದ್ದರು. ಅವರು ಮರೆಯಾಗುವವರೆಗೂ ಅವನು ಹೊಸೆಯುವುದನ್ನು ನಿಲ್ಲಿಸಿ ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೂ ಆ ಹಾಳು ನೌಕರಿ ಆಸೆ ಐತೇನು ನಿನಗ?"

"ಐತಿ" ಎಂದ. "ನಾನು ಚಲೋ ಸಿಪಾಯಿ ಆಗತಿದ್ದೆ, ಶಂಕ್ರಿ."

ಅಂದವನೇ ಎಳೆಗೂಸಿನಂತೆ ಅತ್ತ. ಆಗುತ್ತಿದ್ದ, ಅದು ನನಗೂ ಗೊತ್ತಿತ್ತು.