ಗಾಲಿಗೆ ಹಚ್ಚಿದ ಕುಂಕುಮ

ಚಿನ್ನೂ, ಪುಟ್ಟೂ, ನೀವಿಬ್ಬರೂ ಕನ್ನಡವನ್ನು ನಿಧಾನವಾಗಿ ಓದುತ್ತೀರಿ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅಜ್ಜ ಕಟ್ಟಿದ ಅಮೆರಿಕದ ಮಾದರಿ ರೈಲು ಸಟನ್ನಿನ ನಮ್ಮ ಗ್ಯಾರೇಜಿನಿಂದ ಒಂದೂ ಹಳಿ ಮುರಿಯದೆ ಹೇಗೆ ಹೋಯಿತು ಎಂಬುದನ್ನು ನಾನೇ ಹೇಳಬೇಕು. ಪ್ರದರ್ಶನದ ದಿನ ನೀವೂ ಅಲ್ಲಿದ್ದಿರಿ, ಆದರೆ ಅರ್ಧ ಹೊತ್ತು ಕೇಕಿನ ಮೇಜಿನ ಹತ್ತಿರವೇ ಇದ್ದಿರಿ.

ಅಜ್ಜ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದರು. ಇಂಗ್ಲೆಂಡಿನಲ್ಲಿದ್ದುಕೊಂಡು ಅಮೆರಿಕದ ರೈಲಿನ ಮಾದರಿ ಏಕೆ ಕಟ್ಟುತ್ತೀರಿ ಎಂದು ಅವರನ್ನು ಎಲ್ಲರೂ ಕೇಳುತ್ತಿದ್ದರು. ಅವರ ಅಪ್ಪ ಗದಗಿನ ಕಡೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಅಲ್ಲಿಗೆ ಬರುತ್ತಿದ್ದ ಒಂದು ಗೂಡ್ಸ್ ಇಂಜಿನ್ನು ಯುದ್ಧದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದದ್ದಂತೆ. ಅದರ ಮೈಮೇಲೆ ಯಾವುದೋ ದೂರದ ಊರಿನ ಹೆಸರಿದ್ದ ಹಿತ್ತಾಳೆಯ ಫಲಕ. ಅಜ್ಜ ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕೂಡಿಸಿ ಓದಿದ್ದು ಅದರ ಮೇಲೆ.

ಗ್ಯಾರೇಜಿನಲ್ಲಿ ಅವರು ಕಟ್ಟಿದ್ದು ಅಮೆರಿಕದ ಬಯಲುಸೀಮೆಯ ಒಂದು ಸಿಂಗಲ್ ಲೈನು. ಮರದ ಕಂಬಗಳ ಎತ್ತರದ ಸೇತುವೆ, ನೀರಿನ ತೊಟ್ಟಿ, ಗೋದಿಯ ಕಣಜ, ನಾಲ್ಕಾರು ಮನೆ. ನಮ್ಮಲ್ಲಿ ಊರು ಮೊದಲು, ರೈಲು ಆಮೇಲೆ. ಅಲ್ಲಿ ಎಷ್ಟೋ ಕಡೆ ರೈಲು ಮೊದಲು ಬಂದು, ಊರು ಅದರ ಹಿಂದೆ ಬಂತು ಎನ್ನುತ್ತಿದ್ದರು. ಪೂರ್ವದಿಂದ ಒಂದು ಕಂಪನಿ, ಪಶ್ಚಿಮದಿಂದ ಒಂದು ಕಂಪನಿ ಹಳಿ ಹಾಕುತ್ತಾ ಬಂದು ನಡುವೆ ಸೇರಿದ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಾರೋ. ಬೆಟ್ಟ ಒಡೆಯುತ್ತಾ ಸತ್ತ ಚೀನಾದ ಕೂಲಿಗಳ ಮಾತು ಬಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು.

ನಾನು ಏಳನೆಯ ಇಯತ್ತೆಯವರೆಗೆ ಊರಿನ ಶಾಲೆಯಲ್ಲಿ ಓದಿದವಳು. ಆದರೂ ಆ ಇಂಜಿನ್ನು ನನಗೆ ಬೇಗ ಒಲಿಯಿತು.

“ನೋಡು,” ಎಂದಿದ್ದರು ಅಜ್ಜ, “ಇಂಗ್ಲಿಷ್ ಇಂಜಿನ್ನು ಕರುಳೆಲ್ಲಾ ಒಳಗ ಮುಚ್ಚಿಟ್ಕೊಂಡಿರ್ತದ. ಇದು ಹಂಗಲ್ಲ. ಪೈಪು, ಪಂಪು, ಗಂಟಿ, ಎಲ್ಲಾ ಹೊರಗ. ಏನ್ ಮಾಡ್ತದ ಅನ್ನೋದು ಕಣ್ಣಿಗೇ ಕಾಣ್ತದ.”

ಕಣ್ಣಿಗೆ ಕಾಣುವುದನ್ನು ಕಲಿಯಲು ನನಗೆ ಯಾವತ್ತೂ ಕಷ್ಟವಾಗಿಲ್ಲ. ಒಂದು ಬದಿಯಲ್ಲಿ ಅವರು, ಇನ್ನೊಂದು ಬದಿಯಲ್ಲಿ ನಾನು ನಿಂತು ಗಾಡಿ ಬಿಡುತ್ತಿದ್ದೆವು. ನನ್ನ ಗೂಡ್ಸು ಪಕ್ಕದ ಲೂಪ್ ಲೈನಿನಲ್ಲಿ ಕಾಯಬೇಕು, ಅವರ ಪ್ಯಾಸೆಂಜರು ದಾಟಬೇಕು. ಅವರು ತಡಮಾಡಿದರೆ ನಾನು ಸುಮ್ಮನಿರುತ್ತಿರಲಿಲ್ಲ. “ನಿಮ್ಮ ಗಾಡಿ ಏನ್ ಚಾ ಕುಡಿಯಾಕ ನಿಂತದೇನ್ರಿ?”

ಅಜ್ಜ ಹೋದ ಮೇಲೆ ನನ್ನ ಮೊಣಕಾಲಿಗೆ ಮೆಟ್ಟಿಲು ಆಗದಾಯಿತು. ಗ್ಯಾರೇಜನ್ನು ನನ್ನ ಕೋಣೆ ಮಾಡುವುದೆಂದು ನಿಮ್ಮ ಅಪ್ಪ ನಿಶ್ಚಯಿಸಿದ. ರೈಲು ಎಲ್ಲಿಗೆ? ಅಜ್ಜ ಹೋಗುತ್ತಿದ್ದ ಮಾದರಿ ರೈಲಿನ ಕ್ಲಬ್ಬಿನ ಹಿರಿಯರು, ಆ ಬಿಳಿಗಡ್ಡದವರು, ಬಂದು ನೋಡಿದರು. ನಮ್ಮ ಪ್ರದರ್ಶನದಲ್ಲಿ ಇದು ಓಡಿದರೆ, ಓಡಿಸುವವರೂ ಇದ್ದರೆ, ಇಡಿಯಾಗಿ ನಮ್ಮ ಹಾಲಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು. ಇಲ್ಲದಿದ್ದರೆ ಬಿಚ್ಚಿ ಬಿಡಿಬಿಡಿಯಾಗಿ ಮಾರುವುದು.

“ನಾ ಓಡಿಸ್ತೀನಿ,” ಎಂದೆ. ನಿಮ್ಮ ಅಪ್ಪ ನನ್ನ ಮುಖ ನೋಡಿದ. “ಅವ್ವಾ, ನೀ ಜಿಪಿ ಡಾಕ್ಟರ್ ಮುಂದೂ ಇಂಗ್ಲಿಷಿನ್ಯಾಗ ಬಾಯಿ ಬಿಡಂಗಿಲ್ಲ!”

ಪ್ರದರ್ಶನದ ಹಿಂದಿನ ದಿನ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆ. ಅಜ್ಜ ಪ್ರತಿ ವರ್ಷ ಇಂಜಿನ್ನಿಗೂ ಪೂಜೆ ಮಾಡುತ್ತಿದ್ದರು. ಈ ಸಲ ಅರಿಷಿಣ ಕುಂಕುಮದ ತಟ್ಟೆಯನ್ನು ನಿಮ್ಮ ಕೈಗೆ ಕೊಟ್ಟು ನಾನು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಕ್ಲಬ್ಬಿನವರು ರೈಲನ್ನು ಹಲಗೆಗಳ ಸಮೇತ ಚರ್ಚಿನ ಹಾಲಿಗೆ ಸಾಗಿಸಿ ಜೋಡಿಸಿದರು, ಜನ ಸೇರಿದರು. ಗುಂಡಿ ತಿರುಗಿಸಿದೆ. ಇಂಜಿನ್ನು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಮತ್ತೆ ತಿರುಗಿಸಿದರೂ ಇಲ್ಲ.

ಬಿಳಿಗಡ್ಡದವರು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: “ಮೋಟರ್ ಹೋಗಿರಬೇಕು. ಪರವಾಗಿಲ್ಲ, ನಿಂತಿದ್ದರೂ ಚೆಂದವೇ.”

“ಅವ್ವಾ, ಸಾಕು ಬಿಡು. ಕೂತ್ಕೊ ಬಾ,” ಎಂದ ನಿಮ್ಮ ಅಪ್ಪ.

ನಾನು ಕೂರಲಿಲ್ಲ. ಮೋಟರ್ ಹೋದರೆ ವಾಸನೆ ಬರುತ್ತದೆ, ಬಂದಿರಲಿಲ್ಲ. ಇಂಜಿನ್ನನ್ನು ಎತ್ತಿ ಟವೆಲ್ಲಿನ ಮೇಲೆ ಅಂಗಾತ ಮಲಗಿಸಿದೆ. ಗಾಲಿಗಳೆಲ್ಲ ಹಳದಿ, ಕೆಂಪು.

“ಗಾಲಿಗೆ ಯಾರು ಹಚ್ಚಿದ್ರು?”

“ವೀ ಡಿಡ್, ಅಜ್ಜಿ! ಎವ್ರಿ ಸಿಂಗಲ್ ವೀಲ್!” ಎಂದೆ ನೀನು, ಪುಟ್ಟೂ, ಬಹುಮಾನ ಬಂದವಳ ಹಾಗೆ.

ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ ಕರೆಂಟು ಹೋಗಬೇಕು. ನಡುವೆ ಒಣಗಿದ ಅರಿಷಿಣ ಕುಂಕುಮ ಕೂತರೆ ಹೇಗೆ ಹೋದೀತು? ಅಜ್ಜ ಅದಕ್ಕೇ ಇಂಜಿನ್ನಿನ ಚಿಮಣಿಗೆ ಮಾತ್ರ ಒಂದು ಬೊಟ್ಟು ಇಡುತ್ತಿದ್ದರು.

ಬಿಳಿಗಡ್ಡದವರು ಬಗ್ಗಿ ನೋಡಿದರು. “ಗಾಲಿಗೆ ಧೂಳು ಮೆತ್ತಿದ್ದು ನೋಡಿದ್ದೇನೆ, ಬೆಕ್ಕಿನ ಕೂದಲು ನೋಡಿದ್ದೇನೆ. ಮಸಾಲೆ ಇದೇ ಮೊದಲು!”

“ನಾಟ್ ಮಸಾಲಾ,” ಎಂದೆ, ಹಾಲಿಗೆಲ್ಲ ಕೇಳುವಂತೆ. “ಪ್ರೇಯರ್.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಜೊತೆಗೆ ತಂದಿದ್ದ ಅಜ್ಜನ ಡಬ್ಬಿಯಲ್ಲಿ ನಾನು ಹೊಸೆದ ಹತ್ತಿಯ ಬತ್ತಿಗಳಿದ್ದವು. ದೇವರ ಬತ್ತಿಗಿಂತ ಗಟ್ಟಿಯಾಗಿ, ಗಾಲಿ ಒರೆಸಲೆಂದೇ ಹೊಸೆದವು. ಉಗುರಿನಿಂದ ಒಂದಿಷ್ಟು ಕೆರೆದು, ಕರೆಂಟಿನ ಎರಡು ತಂತಿಗಳನ್ನು ಗಾಲಿಗೆ ಮುಟ್ಟಿಸಿದೆ. ಗಾಲಿಗಳು ಗಾಳಿಯಲ್ಲೇ ತಿರುಗಿದವು. ಸ್ಪಿರಿಟ್ಟಿನಲ್ಲಿ ಅದ್ದಿದ ಬತ್ತಿಯನ್ನು ಒಂದೊಂದಕ್ಕೂ ಹಿಡಿದೆ. ಬತ್ತಿ ಕೆಂಪಾಯಿತು, ಗಾಲಿ ಬೆಳ್ಳಿಯ ಹಾಗಾಯಿತು.

ಹಳಿಗೆ ಇಟ್ಟು ಗುಂಡಿ ತಿರುಗಿಸಿದೆ. ಗೂಡ್ಸು ಸೇತುವೆ ದಾಟಿ ಬಂದು ಲೂಪ್ ಲೈನಿನಲ್ಲಿ ನಿಂತಿತು. ಅಜ್ಜನ ಬದಿಯ ಗುಂಡಿಯನ್ನು ನಿಮ್ಮ ಅಪ್ಪನಿಗೆ ತೋರಿಸಿದೆ. ಅವನು ಹಿಂದೆ ಮುಂದೆ ನೋಡಿದ.

“ನಿನ್ನ ಗಾಡಿ ಏನ್ ಚಾ ಕುಡಿಯಾಕ ನಿಂತದೇನೋ?” ಎಂದೆ.

ಅವನು ಪ್ಯಾಸೆಂಜರು ಬಿಟ್ಟ. ಸಂಜೆಯವರೆಗೂ ಓಡಿಸಿದೆವು. ಹೊರಡುವಾಗ ಬಿಳಿಗಡ್ಡದವರು ನಿಮ್ಮ ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳಿದರು: “ರೈಲು ಇಡಿಯಾಗಿ ನಮ್ಮ ಹಾಲಿನಲ್ಲೇ ಇರಲಿ. ಗುರುವಾರ ಓಡಿಸಲು ಕ್ಲಬ್ಬಿಗೆ ಬರುತ್ತೀರಲ್ಲ?”

“ಯೆಸ್,” ಎಂದೆ. ಅಂದಿನಿಂದ ಹೋಗುತ್ತಿದ್ದೇನೆ.

ನನ್ನ ಕೈ ನಡುಗುವ ಕಾಲಕ್ಕೆ ಆ ಗುಂಡಿಗಳು ನಿಮ್ಮವು. ಬತ್ತಿ ಹೊಸೆಯುವುದನ್ನು ಕಲಿಸುತ್ತೇನೆ. ಕುಂಕುಮ ಹಚ್ಚುವುದನ್ನು ಬಿಡಬೇಡಿ; ಆದರೆ ಚಿಮಣಿಗೆ ಮಾತ್ರ. ಈ ಹಾಳೆಗಳನ್ನು ಬತ್ತಿಯ ಡಬ್ಬಿಯಲ್ಲೇ ಮಡಿಸಿ ಜೋಪಾನವಾಗಿ ಇಡಿ, ಮಕ್ಕಳೇ.