ಒಂದು ಸೈಜ್ ದೊಡ್ಡದೇ ಇರಲಿ

ಮಗಳಿಂದ ‘140/70’ ಎಂದು ವಾಟ್ಸಾಪ್ ಬಂದಾಗ ನಾನು ಮೊದಲು ಮಾಡಿದ ಕೆಲಸ, ಸಾರಿಗೆ ಹಾಕಲು ಹಿಡಿದಿದ್ದ ಉಪ್ಪನ್ನು ವಾಪಸ್ ಡಬ್ಬಕ್ಕೆ ಸುರಿದದ್ದು. ಇಪ್ಪತ್ತಾರಕ್ಕೇ ಬಿಪಿ ಶುರುವಾಯಿತೇ?

ಫೋನ್ ಮಾಡಿದರೆ ನಕ್ಕಳು. ‘ಬಿಪಿ ಅಲ್ಲ ಕಣಮ್ಮ, ನನ್ ಬೈಕಿನ ಹಿಂದಿನ ಟೈರ್ ಸೈಜು. ಅಪ್ಪಂಗೆ ತೋರ್ಸು. ಅದೇ ನಂಬರ್ ಹಾಕ್ಸ್ಬೇಕು ಅಂತ ಹೇಳು.’

ನಮ್ಮ ಸಿಂಧು ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ಸ್ವಂತ ಸಂಬಳದಲ್ಲಿ ಸ್ಪೋರ್ಟ್ಸ್ ಬೈಕ್ ಕೊಂಡು ದಿನಾ ಸರಸ್ವತಿಪುರಂನಿಂದ ಅದರಲ್ಲೇ ಹೋಗಿಬರುತ್ತಾಳೆ. ಅವಳು ಗೇಟು ದಾಟಿದ ಮೇಲೆ ‘ರೀಚ್ಡ್’ ಎಂಬ ಮೆಸೇಜ್ ಬರುವ ತನಕ ನಾನೂ ನಮ್ಮ ಯಜಮಾನರೂ ಪೇಪರ್ ಓದುವ ನಾಟಕ ಮಾಡುತ್ತೇವೆ. ಅಷ್ಟು ಭಯ ನಮಗೆ. ಅವತ್ತು ಸವೆದ ಟೈರು ಬದಲಿಸಲೆಂದು ಬೈಕನ್ನು ಅಪ್ಪನಿಗೆ ಒಪ್ಪಿಸಿ ಬಸ್ಸು ಹಿಡಿದಿದ್ದಳು.

ಯಜಮಾನರು ಬೈಕಿನ ಮೇಲೆ ಸಾಷ್ಟಾಂಗ ನಮಸ್ಕಾರ ಹಾಕಿದಂತೆ ಬಾಗಿ (ಆ ಸೀಟಿನಲ್ಲಿ ಬೇರೆ ಭಂಗಿ ಸಾಧ್ಯವಿಲ್ಲ) ಅಗ್ರಹಾರದ ಟೈರ್ ಅಂಗಡಿಗೆ ಹೊರಟರು. ನಾನು ಆಟೋದಲ್ಲಿ ಹಿಂದೆಯೇ ಹೋದೆ.

ಅಂಗಡಿಯವರು ಸರಿಯಾದ ಟೈರನ್ನೇ ತಂದಿಟ್ಟರು. ಯಜಮಾನರು ಅದನ್ನು ಬದನೆಕಾಯಿಯಂತೆ ಒತ್ತಿ ನೋಡಿ, ‘ಒಂದು ಸೈಜ್ ದೊಡ್ಡದು ಕೊಡಿ’ ಎಂದರು.

ನಾನು ತಡೆದೆನೇ? ‘ಹೌದು ಕಣ್ರೀ, ದಪ್ಪಗಿದ್ರೆ ಬೀಳಲ್ಲ’ ಎಂದೆ.

‘ನೂರೈವತ್ತು ಸ್ಟಾಕ್ ಇಲ್ಲ ಸಾರ್. ನೂರರವತ್ತಿದೆ.’

‘ಇನ್ನೂ ಒಳ್ಳೇದಾಯ್ತು.’

‘ಅದು ಇದಕ್ಕೆ ಕೂರುತ್ತಾ?’ ಎಂದು ನಾನು ಕೇಳಿದ್ದಕ್ಕೆ ಅಂಗಡಿಯವರು, ‘ಕೂರ್ಸಿದ್ರೆ ಕೂರುತ್ತೆ ಅಕ್ಕ’ ಎಂದರು.

ನಗಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಸರಿಯಾದ ಸೈಜಿನ ಸ್ಕೂಲ್ ಶೂ ಹಾಕಿದ್ದಾರೆಯೇ? ಮುಂದೆ ಹತ್ತಿ ತುರುಕಿಕೊಂಡೇ ತಾನೆ ನಾವೆಲ್ಲ ಓದಿದ್ದು? ಶೂ ಕಾಲಿಗೆ ಸರಿಹೋಗುವಷ್ಟರಲ್ಲಿ ಅಟ್ಟೆ ಕಿತ್ತು ಬಂದಿರುತ್ತಿತ್ತು. ಯೂನಿಫಾರ್ಮಿಗೆ ಒಳಗೆ ಎರಡು ಮಡಿಕೆ. ಮೂರು ಜನಕ್ಕೆ ಐದು ಲೀಟರಿನ ಕುಕ್ಕರ್, ಯಾರಾದರೂ ಬಂದರೆ ಅಂತ. (ಯಾರೂ ಬರುವುದಿಲ್ಲ.) ಬೈಕೂ ಬೆಳೆಯುತ್ತದೆ ಎಂದುಕೊಂಡೆವೋ ಏನೋ.

ಸಂಜೆ ಬೀದಿಯವರೆಲ್ಲ ಬಂದು ನೋಡಿದರು. ಎದುರು ಮನೆಯವರು ‘ಕಾರಿಂದಾ?’ ಎಂದು ಗೌರವದಿಂದ ಕೇಳಿದರು. ಯಜಮಾನರ ಎದೆ ಟೈರಿಗಿಂತ ಅಗಲವಾಯಿತು. ಸಿಂಧು ಸೆಕೆಂಡ್ ಶಿಫ್ಟ್ ಮುಗಿಸಿ ಬಂದವಳು ನೋಡದೆಯೇ ಮಲಗಿದಳು.

ಮಾರನೇ ದಿನ ಹೊರಟವಳು ಹತ್ತೇ ನಿಮಿಷಕ್ಕೆ ಬೈಕ್ ತಳ್ಳಿಕೊಂಡು ವಾಪಸಾದಳು. ಮುಖ ಬಿಳಿಚಿಕೊಂಡಿತ್ತು. ತಿರುವಿನಲ್ಲಿ ಇವಳು ಎಡಕ್ಕೆ ವಾಲಿಸಿದರೆ ಬೈಕು ಜಪ್ಪಯ್ಯ ಅಂದರೂ ವಾಲದೆ ನೆಟ್ಟಗೆ ಎಳನೀರು ಗಾಡಿಯ ಕಡೆಗೇ ಹೋಯಿತಂತೆ. ಗೇಣು ಅಂತರದಲ್ಲಿ ನಿಂತಿತಂತೆ.

‘ರಿಮ್ ಅಗಲ ಎಷ್ಟೋ ಅಷ್ಟಕ್ಕೇ ಟೈರ್ ಕಣಪ್ಪ. ಸಣ್ಣ ರಿಮ್‌ಗೆ ಅಗಲದ್ದು ಹಾಕಿದ್ರೆ ಎರಡೂ ಕಡೆ ಹಿಂಡ್ಕೊಂಡು ನೆತ್ತಿ ಚೂಪಾಗುತ್ತೆ. ಗ್ರಿಪ್ ಜಾಸ್ತಿ ಆಗಲ್ಲ. ಇಲ್ ನೋಡಿ, ಚೈನ್ ಬೇರೆ ಉಜ್ತಾ ಇದೆ. ಯಾಕಪ್ಪಾ ಹಾಕ್ಸಿದ್ರಿ?’

ಯಜಮಾನರು ನೆಲ ನೋಡುತ್ತ, ‘ಬಿದ್ರೂ ಮೆತ್ತಗೆ ಬೀಳ್ಲಿ ಅಂತ’ ಎಂದರು.

ಇದಕ್ಕೆ ಅಳುವುದೋ ನಗುವುದೋ? ಸಿಂಧು ಎರಡನ್ನೂ ಮಾಡಿದಳು. ಅವತ್ತೇ ರಜೆ ಹಾಕಿ, ತಾನೇ ಮುಂದೆ ನಿಂತು 140 ಹಾಕಿಸಿಕೊಂಡು ಬಂದಳು. 160 ಈಗ ಜಗಲಿಯಲ್ಲಿದೆ. ಎದುರು ಮನೆಯ ಬೆಕ್ಕು ಅದರೊಳಗೆ ಮಲಗುತ್ತದೆ. ಬೆಕ್ಕಿಗೆ ಅಳತೆ ಸರಿಯಾಗಿದೆ.

140 ಹಾಕಿಸಿಕೊಂಡು ಬಂದ ಸಂಜೆಯೇ ನನ್ನ ನಾದಿನಿಯ ಫೋನ್. ಸ್ಪೀಕರ್‌ಗೆ ಹಾಕಿದೆ. ಸಿಂಧುಗೆ ಒಂದು ಸಂಬಂಧ ಬಂದಿದೆಯಂತೆ. ‘ದೊಡ್ಡ ಮನೆ ಅತ್ತಿಗೆ, ದೊಡ್ಡ ಕೆಲಸ. ಎಲ್ಲಾದ್ರಲ್ಲೂ ನಮಗಿಂತ ಒಂದು ಕೈ ಮೇಲೇ.’

‘ಇನ್ನೂ ಒಳ್ಳೇದಾಯ್ತು ಬುಡು’ ಎಂದುಬಿಟ್ಟೆ.

ಅಂಗಳದಲ್ಲಿ ಚೈನ್ ಒರೆಸುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು: ‘ಅಮ್ಮಾ, ರಿಮ್ಮನ್ನ ಒಂದ್ ಮಾತು ಕೇಳಿದ್ರಾ?’