ಅಣ್ಣನ ಅಂಗೈ ಅಳತೆ

ನಮ್ಮ ಅಣ್ಣನ ಕೈ ಬಲು ದೊಡ್ಡದು. ಚಿಕ್ಕವಳಿದ್ದಾಗ ಅವನು ನನ್ನ ಮುಖ ತೊಳೆಸಿದರೆ ಆ ಒಂದೇ ಅಂಗೈಯಲ್ಲಿ ಕಣ್ಣು, ಮೂಗು, ಬಾಯಿ ಎಲ್ಲ ಮುಚ್ಚಿಹೋಗಿ ಉಸಿರು ಕಟ್ಟುತ್ತಿತ್ತು. ಸೈನ್ಯದಲ್ಲಿ ಅವನಿಗೆ ‘ಮೊರ’ ಎಂದೇ ಅಡ್ಡಹೆಸರು. ಅಲ್ಲಿ ಹೊಸಬರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾನೆ.

ಇಡೀ ಸೈನ್ಯಕ್ಕೆ ಒಂದೇ ಬಗೆಯ ಹೊಸ ಪಿಸ್ತೂಲು ಆರಿಸಬೇಕಾಗಿ ಬಂದಾಗ, ಹೊಡೆದು ನೋಡುವ ತಂಡವನ್ನು ಕಟ್ಟುವ ಕೆಲಸ ಅವನ ಪಾಲಿಗೆ ಬಿತ್ತು. ಪಿಸ್ತೂಲುಗಳನ್ನು ಮರಳಲ್ಲಿ ಹೂತು, ಕೆಸರಲ್ಲಿ ಅದ್ದಿ, ಸಿಮೆಂಟು ನೆಲದ ಮೇಲೆ ಎತ್ತಿಹಾಕಿ ನೋಡಿದರಂತೆ. ಕೊನೆಗೆ ಉಳಿದದ್ದು ಎರಡು. ಒಂದರ ಹಿಡಿ ದಪ್ಪ, ಒಳಗೆ ಗುಂಡು ಹೆಚ್ಚು ಹಿಡಿಯುತ್ತವೆ. ಇನ್ನೊಂದರ ಹಿಡಿ ಸಣ್ಣದು, ಅದರ ಹಿಂಭಾಗದ ತುಂಡನ್ನು ಅವರವರ ಕೈಗೆ ತಕ್ಕಂತೆ ಬದಲಿಸಬಹುದು. ಅಣ್ಣನ ಮನಸ್ಸು ದಪ್ಪದ್ದರ ಮೇಲೆ.

ನಿನ್ನೆ ಭಾನುವಾರ ಊಟಕ್ಕೆ ಬಂದವನು ಅದರದೇ ಅಳತೆಯ ಪ್ಲಾಸ್ಟಿಕ್ ಮಾದರಿಯೊಂದನ್ನು ಮೇಜಿನ ಮೇಲಿಟ್ಟ. ಹಿಡಿಯುವುದನ್ನು ಕಲಿಸಲು ಬಳಸುವಂಥದ್ದು. ನನ್ನ ತೊಡೆಯ ಮೇಲಿದ್ದ ಮಗಳು ತಕ್ಷಣ ಕೈ ಚಾಚಿದಳು.

“ತೆಗಿಯೋ ಅಣ್ಣ ಅದನ್ನ! ಹಲ್ಲು ಬರ್ತಿದೆ ಇವಳಿಗೆ, ಸಿಕ್ಕಿದ್ದೆಲ್ಲ ಬಾಯಿಗೇ.”

“ಕಚ್ಚಲಿ ಬಿಡೇ. ನಾವು ಕೆಸರಲ್ಲೇ ಅದ್ದಿದ್ದೀವಿ, ಸೊಸೆ ಜೊಲ್ಲು ಯಾವ ಲೆಕ್ಕ?”

ಊಟ ಮಾಡುತ್ತಲೇ ಸುದ್ದಿ ಹೇಳಿದ. “ನಮ್ಮಲ್ಲೊಬ್ಳು ಆಂಬುಲೆನ್ಸ್ ಡ್ರೈವರ್. ಹೆಂಗಸರೂ ಇರ್ಲಿ ಅಂತ ಮೇಲಿನವರು ತಂಡಕ್ಕೆ ಸೇರಿಸಿದ್ರು. ದಪ್ಪದ್ರಲ್ಲಿ ಹೊಡೆದಿದ್ದೆಲ್ಲ ಎಡಕ್ಕೆ! ‘ತಾಯೀ, ಇದು ಸೌಟಲ್ಲಮ್ಮ’ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ರು.”

“ಅವಳು?”

“ಸುಮ್ನಿದ್ಲು. ಅಭ್ಯಾಸ ಸಾಲದು ಅಂತ ಅವಳು ಹೊಡೆದಿದ್ದನ್ನ ಲೆಕ್ಕದಿಂದ ಬಿಟ್ಟೇಬಿಟ್ಟೆ. ನಾಳೆ ಸಭೇಲಿ ದಪ್ಪದ್ದೇ ಅಂತ ಹೇಳಿಬಿಟ್ರೆ ಮುಗೀತು.”

ಮಗುವನ್ನು ಅವನಿಗೆ ಕೊಟ್ಟು ಮೇಜು ಒರೆಸಲು ಹೋದೆ. ಅಡ್ಡವಿದ್ದ ಮಾದರಿಯನ್ನು ಎತ್ತಿದವಳಿಗೆ ಹುಡುಗಾಟಿಕೆ ಬಂತು, ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟೆ. ಬೆರಳು ಟ್ರಿಗರ್‌ಗೆ ಎಟುಕಲೇ ಇಲ್ಲ. ಅಂಗೈಯನ್ನು ಪಕ್ಕಕ್ಕೆ ಸರಿಸಿ, ಹಿಡಿಯನ್ನು ಓರೆ ಮಾಡಿಕೊಂಡು ಬೆರಳ ತುದಿಯಿಂದ ಒತ್ತಿದೆ. ಮೂತಿ ಎಡಕ್ಕೆ ಹೊರಳಿತು.

ಅಣ್ಣ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

“ಯಾಕೆ ಹಾಗೆ ತಿರುಗಿಸ್ದೆ?”

“ಎಟುಕಲ್ಲ ಕಣೋ. ಬೆರಳನ್ನ ಎಳೆದು ಉದ್ದ ಮಾಡ್ಕೊಳ್ಳೋಕಾಗುತ್ತಾ?”

“ಅವಳೂ ಹಾಗೇ ತಿರುಗಿಸ್ತಿದ್ಲು.”

“ಮಿಕ್ಕವರಿಗೆಲ್ಲ ಎಟುಕುತ್ತಾ?”

ಅವನು ತಲೆ ತಗ್ಗಿಸಿದ. ಚೆನ್ನಾಗಿ ಹೊಡೆಯುವವರು ಎಂದು ತಾನೇ ಆರಿಸಿಕೊಂಡವರೆಲ್ಲ ಅವನಂಥ ಅಗಲಗೈಯವರೇ. ಕೈಯ ಅಳತೆ ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಕಿವಿಯ ತನಕ ಕೆಂಪಾಗಿ, ಮಗುವಿನ ಬೆನ್ನು ಸವರುತ್ತ ಕೂತ. ನನಗೂ ಅವನ ಮುಖ ನೋಡಲಾಗಲಿಲ್ಲ. ಸೌಟಿನ ಮಾತಿಗೆ ನನಗೂ ಒಳಗೊಳಗೇ ನಗು ಬಂದಿತ್ತಲ್ಲ.

“ಅವಳಿಗೆ ಫೋನ್ ಮಾಡು,” ಎಂದೆ.

ಮಾಡಿದ. ಮಗು ತೋಳಲ್ಲಿದ್ದುದರಿಂದ ಫೋನನ್ನು ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಟ್ಟೇ ಮಾತಾಡಿದ.

“ತಪ್ಪು ನಿಂದಲ್ಲಮ್ಮ. ಹಿಡಿ ನಿನ್ನ ಕೈಗೆ ದಪ್ಪ. ನಾನು ನೋಡ್ಲಿಲ್ಲ.”

“ಗೊತ್ತು ಸಾರ್. ಅವತ್ತೇ ಹೇಳೋಣ ಅಂತಿದ್ದೆ. ಸೌಟು ಅಂದ್ರಲ್ಲ, ಆಮೇಲೆ ಬಾಯಿ ಬರ್ಲಿಲ್ಲ.”

“ಕ್ಷಮಿಸಮ್ಮ.”

“ಎಲ್ಲರ ಮುಂದೆ ಅಂದು, ಫೋನಲ್ಲಿ ಕ್ಷಮೆ ಕೇಳಿದ್ರೆ ಹೇಗೆ ಸಾರ್?”

ಅಣ್ಣ ಮಗುವನ್ನು ನನ್ನ ಕೈಗೆ ಕೊಟ್ಟ. ಮಜ್ಜಿಗೆಯನ್ನೂ ಕುಡಿಯದೆ ಎದ್ದುಹೋದ.

ಇವತ್ತು ಸಂಜೆ ಫೋನ್ ಮಾಡಿದ್ದ, ದನಿ ಕುಗ್ಗಿಹೋಗಿತ್ತು. ಸಭೆಗೆ ತಂಡದವರನ್ನೆಲ್ಲ ಕರೆಸಿ, ಸೌಟಿನ ಮಾತನ್ನೂ ಬಿಡದೆ ಎಲ್ಲ ಒಪ್ಪಿಕೊಂಡನಂತೆ. ಸಣ್ಣ ಕೈ, ದೊಡ್ಡ ಕೈ ಎಲ್ಲವನ್ನೂ ಸೇರಿಸಿ ಮತ್ತೆ ಹೊಡೆಸಿ ನೋಡಿ ಎಂದನಂತೆ. ಮೇಲಿನವರು ಒಪ್ಪಿದರು. ತಂಡ ಕಟ್ಟುವ ಕೆಲಸವನ್ನು ಮಾತ್ರ ಬೇರೆಯವರಿಗೆ ವಹಿಸಿದರು.

“ಬೈದ್ರಾ?”

“ಬೈದಿದ್ರೇ ವಾಸಿಯಿತ್ತು. ನನ್ನ ಕೈ ನೋಡ್ತಾ ಕೂತಿದ್ರು. ಎಲ್ಲಿ ಇಟ್ಕೊಳ್ಳಲಿ ಇದನ್ನ?”

“ಅವಳು ಏನಂದ್ಲು?”

“ಗುಂಡು ತುಂಬೋ ಮ್ಯಾಗಜೀನ್ ಬಿಚ್ಚೋ ಬಟನ್ನೂ ಎಟುಕಲ್ಲ, ಅದನ್ನೂ ಹೇಳಿ ಸಾರ್ ಅಂದ್ಲು.”

“ಹೇಳಿದ್ಯಾ?”

“ಇಲ್ಲ. ‘ನೀನೇ ಹೇಳಮ್ಮ’ ಅಂತ ನಾನು ಕೂತ್ಕೊಂಡೆ.”